ಜೋಳದ ಗುಳಿಗೆ

ಎರೆಗುಂಡಿಯ ಡೇರಿಯಲ್ಲಿ ಬೆಳಗಿನ ಹಾಲು ಅಳೆದು ಮುಗಿಯುವ ಹೊತ್ತಿಗೆ ಪಕ್ಕದ ಕೋಣೆಯ ಮುಂದೆ ಇನ್ನೊಂದು ಸಾಲು ಬೆಳೆದಿರುತ್ತಿತ್ತು. ಒಳಗೆ ಗೋಡೆಗೆ ಆನಿಸಿಟ್ಟ ಯಂತ್ರದಲ್ಲಿ, ಬಾಯಿಯ ಮಟ್ಟಕ್ಕೆ ಸರಿಯಾಗಿ, ಅಂಗೈಯಗಲದ ಒಂದು ಗಾಜು. ಸರದಿ ಬಂದವರು ಸೆರಗಿನಿಂದಲೋ ಟವೆಲ್ಲಿನಿಂದಲೋ ತುಟಿ ಒರೆಸಿಕೊಂಡು, ನಾಲಿಗೆ ಚಾಚಿ ಅದಕ್ಕೆ ಒತ್ತುತ್ತಿದ್ದರು. ಗಾಜಿನ ಹಿಂದಿನಿಂದ ತಿಳಿನೀಲಿ ಬೆಳಕು ಹಾಯ್ದು, ನಾಲಿಗೆಯ ತೆಳುಚರ್ಮದ ಕೆಳಗೆ ಹರಿಯುವ ರಕ್ತವನ್ನು ಓದುತ್ತಿತ್ತು. ಸೂಜಿಯಿಲ್ಲ, ನೋವಿಲ್ಲ. ಒಬ್ಬರು ಸರಿದ ಕೂಡಲೇ ಬಿಸಿ ಹಬೆ ಬಂದು ಗಾಜನ್ನು ತೊಳೆಯುತ್ತಿತ್ತು. ಆಮೇಲೆ ಯಂತ್ರದ ಹೊಟ್ಟೆಯೊಳಗೆ ಗರಗರ ಸದ್ದು. ಸದ್ದು ನಿಂತಾಗ ಕೆಳಗಿನ ಕಿಂಡಿಯಿಂದ ಹೆಸರು ಬರೆದ ಕಾಗದದ ಪೊಟ್ಟಣವೊಂದು ಬೀಳುತ್ತಿತ್ತು. ಅದರೊಳಗೆ ಆ ಒಂದು ದೇಹಕ್ಕೆಂದೇ, ಆ ಒಂದು ವಾರಕ್ಕೆಂದೇ ಅರೆದು ಒತ್ತಿದ ಗುಳಿಗೆಗಳು.

ಯಂತ್ರಕ್ಕೆ ಇಟ್ಟ ಹೆಸರು ‘ಕೊರತೆಗನ್ನಡಿ’. ಗರಗರ ಸದ್ದು ಕೇಳಿದ ಊರು ಮೊದಲ ದಿನವೇ ಅದನ್ನು ‘ಗುಳಿಗಿ ಗಿರಣಿ’ ಎಂದು ಕರೆದುಬಿಟ್ಟಿತ್ತು. ಜೋಳ ಬೀಸಿಕೊಂಡು ಬರಲು ಒಂದು ಗಿರಣಿ, ಗುಳಿಗೆ ಬೀಸಿಕೊಂಡು ಬರಲು ಇನ್ನೊಂದು.

ಆ ದಿನ ಸಾಲಿನ ಪಕ್ಕದಲ್ಲಿ ಬೋರಲು ಹಾಕಿದ ಹಾಲಿನ ಕ್ಯಾನಿನ ಮೇಲೆ ಕುಳಿತು ಇಂದುಮತಿ ಕೊಣ್ಣೂರ ಇದನ್ನೆಲ್ಲ ನೋಡುತ್ತಿದ್ದಳು. ಗಿರಣಿಯನ್ನು ರೂಪಿಸಿದ ವಿಜ್ಞಾನಿ ಅವಳೇ. ಧಾರವಾಡದ ಪ್ರಯೋಗಾಲಯದಲ್ಲಿ ಕುಳಿತರೂ ಊರೂರಿನ ಗಿರಣಿಗಳು ಓದಿದ್ದೆಲ್ಲ ಅವಳ ಪರದೆಯ ಮೇಲೆ ಬರುತ್ತಿತ್ತು. ಆದರೂ ಬಸ್ಸು ಹತ್ತಿ ಬಂದಿದ್ದಳು. ಬಂದದ್ದು ಒಂದೇ ಒಂದು ನಾಲಿಗೆಯ ಸಲುವಾಗಿ.

ಆ ನಾಲಿಗೆ ನೀಲಾಂಬಿಕಾಳದು. ಮೇಲಿನ ಓಣಿಯ ಶಿವಲಿಂಗಪ್ಪನ ಸೊಸೆ, ಹೊಲಗಳಲ್ಲಿ ನಿಂತ, ಕರೆಂಟು ತೆಗೆಯುವ ಗಾಳಿಗಂಬಗಳ ದುರಸ್ತಿಗೆ ಹೋಗುವ ಮಹಾಂತೇಶನ ಹೆಂಡತಿ, ಚೊಚ್ಚಲ ಬಸುರಿ. ಅವಳ ರಕ್ತದಲ್ಲಿ ಕಬ್ಬಿಣ ಕಡಿಮೆ, ನರಗಳಿಗೆ ಬೇಕಾದ ಬಿ-ಹನ್ನೆರಡು ಜೀವಸತ್ವ ಇನ್ನೂ ಕಡಿಮೆ ಎಂದು ಗಿರಣಿ ಹೇಳಿತ್ತು. ಹಾಲು-ಮಜ್ಜಿಗೆ ಬಿಟ್ಟು ಮಾಂಸ ಮೊಟ್ಟೆ ಮುಟ್ಟದ ಮನೆ, ಆ ಹಾಲೂ ಹೆಚ್ಚಿನಂಶ ಡೇರಿಗೆ ಹೋಗುವ ಮನೆ. ಅಲ್ಲಿ ಇದು ಅಪರೂಪವೇನಲ್ಲ. ಹೆರಿಗೆ ಹತ್ತಿರ ಬರುತ್ತಿರುವಾಗ ಸೊಪ್ಪು ತಿಂದು ತುಂಬಿಸಿಕೊಳ್ಳುವ ಕೊರತೆಯೂ ಅಲ್ಲ. ಗುಳಿಗೆಯೇ ಬೇಕು. ಗಿರಣಿ ಗುಳಿಗೆ ಕೊಟ್ಟಿತು. ಮುಂದಿನ ವಾರ ರಕ್ತ ಏರಲಿಲ್ಲ. ಗಿರಣಿ ತನ್ನ ಬುದ್ಧಿಗೆ ತಕ್ಕಂತೆ ಗುಳಿಗೆಯನ್ನು ಕೊಂಚ ದೊಡ್ಡದು ಮಾಡಿತು. ಆಗಲೂ ಏರಲಿಲ್ಲ. ಹೀಗೆ ಬೆಳೆಯುತ್ತ ಬೆಳೆಯುತ್ತ ಅವಳ ಗುಳಿಗೆ ಈಗ ಹುಣಸೆಬೀಜದಷ್ಟು ದಪ್ಪವಾಗಿತ್ತು. ರಕ್ತ ಮಾತ್ರ ಇಳಿಯುತ್ತಲೇ ಇತ್ತು. ಹೀಗೇ ಇದ್ದರೆ ಇಲ್ಲಿ ಹೆರಿಗೆ ಮಾಡಿಸುವ ಧೈರ್ಯ ತನಗಿಲ್ಲವೆಂದು ತಾಲೂಕು ಆಸ್ಪತ್ರೆಯ ವೈದ್ಯೆ ಹೇಳಿ ಕಳಿಸಿದ್ದಳು.

ನೀಲಾ ಗಾಜಿನಿಂದ ನಾಲಿಗೆ ಬಿಡಿಸಿಕೊಂಡು ಈಚೆ ಬಂದಾಗ ಇಂದುಮತಿ ಅವಳ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ನೋಡಿದಳು. ಒಳಗೆ ಸುಣ್ಣ ಬಳಿದಂತೆ ಬಿಳುಪು.

“ಕಾಲು ಜುಮ್ಮ ಅನ್ನೂದು ಕಡಿಮಿ ಆತೇನವಾ?”

“ಎಲ್ಲಿ ಕಡಿಮಿ ಆತ್ರಿ ಅಕ್ಕಾರ. ಮೊನ್ನಿ ದಾರ‍್ಯಾಗ ಒಂದ ಚಪ್ಪಲಿ ಕಳಚಿ ಬಿದ್ದದ್ದೂ ಗೊತ್ತಾಗ್ಲಿಲ್ಲ. ಒಂದ ಚಪ್ಪಲಿ ಮ್ಯಾಲೆ ಮನೀತನಕ ಬಂದೀನಿ. ಓಣ್ಯಾಗಿನ ಹುಡುಗ್ರು ನಕ್ಕಾಗ ನೋಡಿಕೊಂಡೆ.” ಹೇಳುತ್ತ ನೀಲಾಳೂ ನಕ್ಕಳು. ನಗು ಮುಗಿಯುವ ಮೊದಲೇ ಏದುಸಿರು ಬಂತು.

“ಗುಳಿಗಿ ದಿನಾ ನುಂಗ್ತಿಯೋ ಇಲ್ಲೋ? ಖರೇ ಹೇಳು.”

“ಒಂದಿನಾನೂ ಬಿಟ್ಟಿಲ್ರಿ. ನಮ್ಮತ್ತಿ ಬಿಡೂದೂ ಇಲ್ಲ. ತಾವ ಕೈಯಾರ ಕೊಡ್ತಾರ.”

ಹುಡುಗಿ ಸುಳ್ಳು ಹೇಳುತ್ತಿಲ್ಲ ಎಂಬುದು ಮುಖ ನೋಡಿದರೆ ತಿಳಿಯುತ್ತಿತ್ತು. ಇಂದುಮತಿಗೆ ಕೌತುಕ ಇನ್ನಷ್ಟು ಹೆಚ್ಚಿತು. ನುಂಗಿದ ಕಬ್ಬಿಣ ಎಲ್ಲಿ ಹೋಗುತ್ತಿದೆ?

ಈ ಕೌತುಕಕ್ಕೆ ಇನ್ನೊಂದು ಬಾಲವೂ ಇತ್ತು. ಅದೇ ಮನೆಯ ಯಜಮಾನ ಶಿವಲಿಂಗಪ್ಪನ ದೇಹದಲ್ಲಿ ಕಬ್ಬಿಣ ವಾರವಾರಕ್ಕೂ ಏರುತ್ತಿತ್ತು. ಅವನಿಗೆ ಗಿರಣಿ ಕೊಡುತ್ತಿದ್ದ ಗುಳಿಗೆಯಲ್ಲಿ ಕಬ್ಬಿಣದ ಕಣವೂ ಇರಲಿಲ್ಲ. ಅದರಲ್ಲಿದ್ದದ್ದು ಜೋಳದ ಹಿಟ್ಟು.

ಜೋಳದ ಹಿಟ್ಟಿನ ಈ ಸಂಗತಿಯನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕೊರತೆಗನ್ನಡಿ ಬರುವ ಮೊದಲು ಜನ ಕಣ್ಣು ಕಟ್ಟಿಕೊಂಡು ಗುಳಿಗೆ ನುಂಗುತ್ತಿದ್ದರು. ಕೂದಲಿಗೊಂದು, ಮಂಡಿಗೊಂದು, ‘ಶಕ್ತಿಗೆ’ ಅಂತ ಇನ್ನೊಂದು. ಯಾರಿಗೆ ಏನು ಕಡಿಮೆ ಎಂಬುದು ನುಂಗುವವರಿಗೂ ತಿಳಿಯದು, ಮಾರುವವರಿಗೂ ತಿಳಿಯದು. ದೇಹವನ್ನು ಇಂದುಮತಿ ಯಾವಾಗಲೂ ಹಗೇವಿಗೆ ಹೋಲಿಸುತ್ತಿದ್ದಳು. ಹಿಂದೆ ಕಾಳು ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಆ ಕಣಜ ಬರಿದಾಗಿದ್ದರೆ ತುಂಬಬೇಕು, ತುಂಬದಿದ್ದರೆ ಮನೆ ಉಪವಾಸ. ಆದರೆ ತುಂಬಿದ ಹಗೇವಿಗೆ ಮತ್ತೆ ಕಾಳು ಸುರಿದರೆ ಏನಾದೀತು? ಕೆಲವು ಕಾಳು ಬಾಯಿಂದ ಚೆಲ್ಲಿಹೋಗುತ್ತವೆ. ನೀರಿನಲ್ಲಿ ಕರಗುವ ಜೀವಸತ್ವಗಳು ಬಹುಮಟ್ಟಿಗೆ ಹೀಗೆಯೇ, ಬೆಳಗ್ಗೆ ನುಂಗಿದ್ದು ಸಂಜೆಗೆ ಮೂತ್ರದಲ್ಲಿ ಹಳದಿಯಾಗಿ ಹೋಗಿಬಿಡುತ್ತದೆ. ಇನ್ನು ಕೆಲವು ಚೆಲ್ಲುವುದಿಲ್ಲ, ಒಳಗೇ ಒತ್ತಿಕೊಂಡು ಕೂತು ಮುಗ್ಗುತ್ತವೆ. ಕಬ್ಬಿಣ ಆ ಜಾತಿಯದು.

ಗಿರಣಿ ಕೆಲಸ ಶುರುಮಾಡಿದಾಗ ತಿಳಿದದ್ದೇನೆಂದರೆ ಊರಿನ ಹೆಚ್ಚು ಪಾಲು ಜನರಿಗೆ ಗುಳಿಗೆಯಿಂದ ತುಂಬಬೇಕಾದ ಕೊರತೆಯೇ ಇಲ್ಲ. ರೊಟ್ಟಿ, ಕಾಳು, ಸೊಪ್ಪು, ಮಜ್ಜಿಗೆ, ಬಿಸಿಲು ತಮ್ಮ ಕೆಲಸ ಮಾಡಿದ್ದವು. ಅಂಥವರಿಗೆ ಗಿರಣಿ “ನಿಮಗೆ ಏನೂ ಬೇಕಾಗಿಲ್ಲ” ಎಂದು ಹೇಳಿ ಸುಮ್ಮನಾಗುತ್ತಿತ್ತು. ಇದು ಸಂತೋಷದ ಸುದ್ದಿ ಎಂದು ಇಂದುಮತಿ ತಿಳಿದಿದ್ದಳು. ಊರು ಹಾಗೆ ತಿಳಿಯಲಿಲ್ಲ. ಪೊಟ್ಟಣ ಬೀಳದೆ ಬರಿಗೈಯಲ್ಲಿ ಹಿಂದಿರುಗಿದವರ ಮುಂದಾಳಾಗಿ ಜಗಳಕ್ಕೆ ನಿಂತವನು ಶಿವಲಿಂಗಪ್ಪನೇ.

“ಏನೂ ಬೇಕಾಗಿಲ್ಲ ಅಂದ್ರ ಏನ್ರಿ ಅರ್ಥ? ಮುಂದಿನಾವಗ ಕೊಟ್ಟು, ಹಿಂದಿನಾವಗ ಕೊಟ್ಟು, ನಡುವ ನನ್ನ ಬಿಡೂದಂದ್ರ? ನಾ ಸಾಲಿನ್ಯಾಗ ನಾಲಿಗಿ ಚಾಚಿ ನಿಂತದ್ದು ಸುಳ್ಳೇನು?”

ಯಾರನ್ನೂ ಬರಿಗೈಯಲ್ಲಿ ಕಳಿಸಬಾರದೆಂದು ಮೇಲಧಿಕಾರಿಗಳು ಹೇಳಿದರು. ಬೇಡದವರಿಗೆ ಜೀವಸತ್ವ ತುಂಬಲು ಇಂದುಮತಿಗೆ ಮನಸ್ಸು ಒಪ್ಪಲಿಲ್ಲ. ಕಡೆಗೆ ಜೋಳದ ಹಿಟ್ಟಿಗೆ ಚೂರು ಬೆಲ್ಲ ಬೆರೆಸಿ ಸಣ್ಣ ಗುಳಿಗೆ ಒತ್ತುವುದನ್ನು ಗಿರಣಿಗೆ ಕಲಿಸಿದಳು. ಊರಿಗೆ ಸಮಾಧಾನವಾಯಿತು. ಅವಳಿಗೆ ಆಗಲಿಲ್ಲ. ತಾನು ಕಟ್ಟಿದ್ದು ನಿಜ ಹೇಳುವ ಯಂತ್ರ, ತಾನೇ ಅದರ ಬಾಯಲ್ಲಿ ಸುಳ್ಳು ತುರುಕಿದೆ ಎಂದು ಅವಳಿಗೆ ಆಗಾಗ ಚುಚ್ಚುತ್ತಿತ್ತು.

ಈಗ ಅದೇ ಶಿವಲಿಂಗಪ್ಪ ಡೇರಿಯ ಕಟ್ಟೆಯ ಮೇಲೆ ಹೊಟ್ಟೆ ಸವರಿಕೊಳ್ಳುತ್ತ ಕುಳಿತಿದ್ದ.

“ಆರಾಮ ಇದ್ದೀರೇನ್ರಿ ಯಜಮಾನ್ರ?”

“ಗುಳಿಗಿ ಭಾಳ ಜೋರ ಐತ್ರಿ ಅಕ್ಕಾರ. ಹೊಟ್ಟಿ ಕಲ್ಲಾಗೇತಿ. ಶಕ್ತಿ ಒಳಗ ಕುಂದ್ರಾಕತ್ತೇತಿ ಅಂತ ತಡಕೊಂಡೀನಿ.”

ಜೋಳದ ಹಿಟ್ಟು ಯಾರ ಹೊಟ್ಟೆಯನ್ನೂ ಕಲ್ಲು ಮಾಡುವುದಿಲ್ಲ. ನಂಬಿಕೆ ಏನೆಲ್ಲ ಮಾಡಿಸುತ್ತದೆ ಎಂದು ಇಂದುಮತಿ ಮನಸ್ಸಿನಲ್ಲೇ ನಕ್ಕಳು. ಆ ನಗುವನ್ನು ಆಮೇಲೆ ನೆನೆದು ನಾಚಬೇಕಾಗುತ್ತದೆಂದು ಅವಳಿಗೆ ಆಗ ಗೊತ್ತಿರಲಿಲ್ಲ.

ಗಿರಣಿಯೇ ಪೊಟ್ಟಣಗಳನ್ನು ಅದಲುಬದಲು ಮಾಡುತ್ತಿರಬಹುದೇ? ನೀಲಾಳ ಪೊಟ್ಟಣದಿಂದ ಒಂದು, ಶಿವಲಿಂಗಪ್ಪನದರಿಂದ ಒಂದು ಗುಳಿಗೆ ತೆಗೆದು, ತಾನು ತಂದ ಕೈಪರೀಕ್ಷಕದಲ್ಲಿ ಇಟ್ಟು ನೋಡಿದಳು. ಸೊಸೆಯದರಲ್ಲಿ ಕಬ್ಬಿಣ, ಬಿ-ಹನ್ನೆರಡು ಎಲ್ಲ ಸರಿಯಾಗಿತ್ತು. ಮಾವನದು ಬರೀ ಹಿಟ್ಟು, ಬೆಲ್ಲ. ಗಿರಣಿ ತಪ್ಪು ಮಾಡಿರಲಿಲ್ಲ. ಮನೆಯ ನೀರೇ? ರೊಟ್ಟಿಯ ಹಂಚೇ? ಅವಾದರೆ ಎಲ್ಲರಿಗೂ ಒಂದೇ. ಮಾವನಿಗೆ ತುಂಬಿ ಸೊಸೆಗೆ ಬರಿದಾಗುವ ನೀರು ಯಾವುದು?

ಅವಳು ಹೀಗೆ ಯೋಚಿಸುತ್ತಿರುವಾಗ ಶಿವಲಿಂಗಪ್ಪನ ಹೆಂಡತಿ ಸಾವಂತ್ರವ್ವ ಹಾಲಿನ ಕೊಡ ಸೊಂಟಕ್ಕಿಟ್ಟುಕೊಂಡು ಎದುರು ಬಂದು ನಿಂತಳು.

“ನನ್ನ ಸೊಸೀ ಸಲುವಾಗಿ ಅಷ್ಟ ದೂರದಿಂದ ಬಂದೀರಿ. ಕ್ಯಾನಿನ ಮ್ಯಾಲೆ ಕುಂತ್ರ ರೋಗ ಸಿಗತೈತೇನ್ರಿ? ಮನೀಗೆ ನಡೀರಿ, ಒಂದ ಬಿಸಿ ರೊಟ್ಟಿ ತಿನ್ನೂವಂತ್ರಿ.”

ಮನೆಯಲ್ಲಿ ಪಡಸಾಲೆಯುದ್ದಕ್ಕೂ ಚಾಪೆ ಹಾಸಿದ್ದರು. ಶಿವಲಿಂಗಪ್ಪ, ಮಹಾಂತೇಶ, ಇಂದುಮತಿ, ನೀಲಾ ಒಂದೇ ಸಾಲಿನಲ್ಲಿ ಕುಳಿತರು. ಸಾವಂತ್ರವ್ವ ಒಲೆಯ ಮುಂದಿನಿಂದ ರೊಟ್ಟಿ ತಂದು ಹಾಕುತ್ತ, ನಡುನಡುವೆ ಸಾಲಿನ ತುದಿಯಲ್ಲಿದ್ದ ತನ್ನ ತಾಟಿಗೂ ಬಂದು ಕೂರುತ್ತಿದ್ದಳು. ಹೆಸರುಕಾಳಿನ ಪಲ್ಯ, ಅಗಸಿ ಹಿಂಡಿ, ಹಸಿ ಈರುಳ್ಳಿ, ಮೊಸರು.

“ಬ್ಯಾರೇ ಮನ್ಯಾಗ ಗಂಡಸರದಾದ ಮ್ಯಾಲೆ ಹೆಂಗಸರು ಉಣ್ತಾರ. ನಮ್ಮ ಮನ್ಯಾಗ ಅದಿಲ್ರಿ,” ಎಂದಳು ಸಾವಂತ್ರವ್ವ ಹೆಮ್ಮೆಯಿಂದ. “ಆಕಿ ಕಾಲಿಟ್ಟ ದಿನಾನ ಹೇಳೀನಿ, ಎಲ್ಲಾರೂ ಕೂಡೇ ಕುಂದ್ರೂದು, ಕೂಡೇ ಏಳೂದು. ಪಂಕ್ತಿಭೇದ ನಮ್ಮ ಮನ್ಯಾಗ ನಡ್ಯಾಂಗಿಲ್ಲ.”

ಮಾತು ನಿಜವಾಗಿತ್ತು. ಎಲ್ಲರಿಗೂ ಒಂದೇ ಪಲ್ಯ, ಒಂದೇ ಹಿಂಡಿ. ಆದರೂ ಉಬ್ಬಿದ ಮೊದಲ ರೊಟ್ಟಿ ಶಿವಲಿಂಗಪ್ಪನ ತಾಟಿಗೆ ಬಿದ್ದಿತು. ಮೊಸರಿನ ಮೇಲಿನ ಕೆನೆ ಚಮಚದಲ್ಲಿ ಎದ್ದು ಅವನ ಬಟ್ಟಲಿಗೇ ಹೋಯಿತು. ಯಾರೂ ಅದನ್ನು ಗಮನಿಸಲಿಲ್ಲ, ಕೊಟ್ಟವಳೂ ಗಮನಿಸಲಿಲ್ಲ. ಮಳೆನೀರು ಇಳಿಜಾರಿಗೆ ಹೋದಷ್ಟು ಸಹಜವಾಗಿ ಅದು ಹೋಯಿತು.

ಊಟ ಮುಗಿಯುತ್ತ ಬಂದಾಗ ಸಾವಂತ್ರವ್ವ ಗೋಡೆಯ ಮಾಡದಿಂದ ಒಂದು ಹಳೆಯ ಉಪ್ಪಿನಕಾಯಿ ಭರಣಿ ಇಳಿಸಿದಳು. ಬೆಳಗ್ಗೆ ತಂದ ನಾಲ್ಕೂ ಪೊಟ್ಟಣಗಳನ್ನು ಒಂದೊಂದಾಗಿ ಹರಿದು ಗುಳಿಗೆಗಳನ್ನೆಲ್ಲ ಅದರೊಳಗೆ ಸುರಿದಳು. ಹೆಸರು ಬರೆದ ಕಾಗದಗಳನ್ನು ಮುದುಡಿ ಒಲೆಗೆ ಹಾಕಿದಳು. ಭರಣಿಯೊಳಗೆ ಕೈಯಾಡಿಸಿ, ಹುಣಸೆಬೀಜದಂಥ ದಪ್ಪ ಗುಳಿಗೆಯೊಂದನ್ನು ಆರಿಸಿ ಗಂಡನ ತಾಟಿನ ಬದಿಗಿಟ್ಟಳು. ಆಮೇಲೆ ಮಗನಿಗೊಂದು ಸಣ್ಣದು, ಸೊಸೆಗೊಂದು ಸಣ್ಣದು, ತನಗೊಂದು ಸಣ್ಣದು.

ಇಂದುಮತಿಯ ಕೈಯ ತುತ್ತು ಕೈಯಲ್ಲೇ ನಿಂತಿತು.

“ಸಾವಂತ್ರವ್ವಾರ, ಹೆಸರಿನ ಕಾಗದ ಒಲಿಗೆ ಹಾಕಿದ್ರಲ್ಲ…”

“ಹೆಸರ ಬರದು ಉಣ್ಣೂದೇನ್ರಿ ಅಕ್ಕಾರ? ಒಂದ ಮನಿ, ಒಂದ ಒಲಿ. ಇದು ನಂದು, ಇದು ನಿಂದು ಅಂತ ಹೊಂಟ್ರ ಅದ ಪಂಕ್ತಿಭೇದ ಅಲ್ಲೇನು?”

“ಮತ್ತ ದೊಡ್ಡದನ್ನ ಯಜಮಾನರಿಗ್ಯಾಕ ಇಟ್ರಿ?”

ಇಷ್ಟು ಓದಿದ ಹೆಣ್ಣುಮಗಳಿಗೆ ಇಷ್ಟೂ ತಿಳಿಯದೇ ಎಂಬಂತೆ ಸಾವಂತ್ರವ್ವ ಅವಳನ್ನು ನೋಡಿದಳು. “ದೊಡ್ಡಾವರ ಮುಂದ ದೊಡ್ಡದ ಇಡೂದಲ್ಲೇನ್ರಿ ಮತ್ತ? ಎಲ್ಲಿಯರ ಮಾವನ ಮುಂದ ಸಣ್ಣದಿಟ್ಟು ಸೊಸೀ ಮುಂದ ದೊಡ್ಡದ ಇಡ್ತಾರೇನು?”

ಶಿವಲಿಂಗಪ್ಪ ಗುಳಿಗೆಯನ್ನು ಬಾಯಿಗೆ ಎತ್ತಿದ್ದ. ಇಂದುಮತಿ ಎದ್ದು ಹೋಗಿ ಅವನ ಕೈ ಹಿಡಿದಳು. ಮನೆಯವರೆಲ್ಲ ಗಾಬರಿಯಾದರು.

ಗುಳಿಗೆ ಬಿಡದೆ ನುಂಗುತ್ತೀಯಾ ಎಂದು ನೀಲಾಳನ್ನು ಇಂದುಮತಿ ಫೋನಿನಲ್ಲಿ ಎಷ್ಟೋ ಸಲ, ಈ ದಿನ ಎದುರಿಗೂ ಕೇಳಿದ್ದಳು. ಯಾರ ಗುಳಿಗೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಕೊರತೆ ದೊಡ್ಡದಾದಷ್ಟೂ ಗುಳಿಗೆ ದೊಡ್ಡದಾಗಲಿ ಎಂದು ಗಿರಣಿಗೆ ಕಲಿಸಿದವಳು ತಾನು. ದೊಡ್ಡದೆಂದರೆ ದೊಡ್ಡವರದು ಎಂದು ಈ ಮನೆ ಓದಿಕೊಂಡಿತ್ತು. ಸೊಸೆಯ ರಕ್ತ ಇಳಿದಷ್ಟೂ ಮಾವನ ಮರ್ಯಾದೆ ಏರುತ್ತ ಹೋಗಿತ್ತು.

ಮುಚ್ಚಿಡುವುದರಲ್ಲಿ ಇನ್ನು ಅರ್ಥವಿರಲಿಲ್ಲ. ಅವಳು ಅಲ್ಲೇ ಚಾಪೆಯ ಅಂಚಿಗೆ ಕುಳಿತು ಹೇಳಿದಳು: “ನಿಮಗ ಮೂರೂ ಮಂದಿಗೆ ಏನೂ ಕೊರತಿಲ್ರಿ. ನಿಮ್ಮ ಹೆಸರಿನ ಗುಳಿಗಿಯೊಳಗ ಇರೂದು ಜ್ವಾಳದ ಹಿಟ್ಟು, ಒಂಚೂರು ಬೆಲ್ಲ. ಅಷ್ಟ.”

ಶಿವಲಿಂಗಪ್ಪನ ಮೀಸೆ ಅಲುಗಿತು. “ಅಂದ್ರ? ಇಷ್ಟ ದಿವಸ ನನಗ ಜ್ವಾಳದ ಹಿಟ್ಟು ನುಂಗಿಸೀರಿ?”

“ನೀವು ನುಂಗಿದ್ದು ಖರೇ ಗುಳಿಗೀನ್ರಿ ಯಜಮಾನ್ರ. ಹಿಟ್ಟು ನುಂಗಿದಾಕಿ ನೀಲಾ.”

ಒಲೆಯ ಮೇಲೆ ಮರೆತ ರೊಟ್ಟಿ ಸೀಯುವ ವಾಸನೆ ಬಂತು. ಯಾರೂ ಏಳಲಿಲ್ಲ. ನೀಲಾ ತಲೆ ತಗ್ಗಿಸಿ, ತಪ್ಪು ತನ್ನದೇ ಎಂಬಂತೆ ಸೆರಗಿನ ತುದಿ ಸುತ್ತುತ್ತಿದ್ದಳು.

ಮಹಾಂತೇಶ ಮೊದಲು ಬಾಯಿ ಬಿಟ್ಟ. “ಅದಕ್ಕ ನಮ್ಮಪ್ಪ ಸಂಡಾಸಿಗೆ ಹೋದಾವ ಹೊರಗ ಬರೂದ ಇಲ್ಲ. ನಾ ಕೆಲಸಕ್ಕ ಹೋಗಾಕ ಬಾಗಲಾ ಬಡದು ಬಡದು ಸಾಕಾಗೇನಿ.”

“ಸುಮ್ನ ಕುಂದ್ರಲೇ,” ಎಂದ ಶಿವಲಿಂಗಪ್ಪ. ಆದರೆ ಅವನ ದನಿಯಲ್ಲಿ ಜೋರಿರಲಿಲ್ಲ. ಕೈಯಲ್ಲಿದ್ದ ಗುಳಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಸಾಲಿನ ಮೇಲೆ ಕೈ ಚಾಚಿ ಸೊಸೆಯ ತಾಟಿನ ಬದಿಗಿಟ್ಟ. “ತಗೋ ತಂಗಿ. ನಿಂದ ಅಂತ ಗೊತ್ತಿರ್ಲಿಲ್ಲ.”

ಸಾವಂತ್ರವ್ವ ಭರಣಿಯನ್ನು ಮಡಿಲಲ್ಲಿಟ್ಟುಕೊಂಡು ಹಾಗೇ ಕುಳಿತಿದ್ದಳು. “ನಾನ ಕೊಟ್ಟೆ,” ಎಂದಳು. “ಮರೀಬಾರದಂತ ನಾನ ಕೈಯಾರ ಕೊಟ್ಟೆ.”

ಭರಣಿಯಲ್ಲಿದ್ದ ಹಿಟ್ಟಿನ ಗುಳಿಗೆಗಳನ್ನು ಆರಿಸಿ ತನ್ನ ಚೀಲಕ್ಕೆ ಹಾಕಿಕೊಂಡು, ಆ ಮನೆಗೆ ಇನ್ನು ಹಿಟ್ಟಿನ ಗುಳಿಗೆ ಒತ್ತಬಾರದು, ನೀಲಾಳದು ಮಾತ್ರ ಸಾಕು ಎಂದು ಇಂದುಮತಿ ಗಿರಣಿಗೆ ಹೇಳಿ ಸಂಜೆಯ ಬಸ್ಸಿಗೆ ಧಾರವಾಡಕ್ಕೆ ಹೊರಟಳು. ಒಂದು ಮನೆಯಲ್ಲಾದರೂ ಸುಳ್ಳು ತೀರಿತಲ್ಲ ಎಂದು ಅವಳಿಗೆ ಎದೆ ಹಗುರಾಗಿತ್ತು. ಕಿಟಕಿಯಾಚೆ ಗಾಳಿಗಂಬಗಳು ನಿಧಾನವಾಗಿ ತಿರುಗುತ್ತಿದ್ದವು.

ಮುಂದಿನ ವಾರದ ಓದು ಪರದೆಯ ಮೇಲೆ ಬಂದಾಗ ಅವಳು ಕಣ್ಣುಜ್ಜಿಕೊಂಡು ನೋಡಿದಳು. ಶಿವಲಿಂಗಪ್ಪನ ಕಬ್ಬಿಣ ಏರುವುದು ನಿಂತಿತ್ತು. ಆದರೆ ನೀಲಾಳ ರಕ್ತ ಇದ್ದಲ್ಲೇ ಇತ್ತು. ಈಗ ಗುಳಿಗೆ ಅದಲುಬದಲಾಗಲು ಮನೆಯಲ್ಲಿ ಇನ್ನೊಂದು ಗುಳಿಗೆಯೇ ಇಲ್ಲ. ಮತ್ತೆಲ್ಲಿಗೆ ಹೋಯಿತು?

ಉತ್ತರವನ್ನು ಅವಳು ಹುಡುಕಬೇಕಾಗಲಿಲ್ಲ. ಮಧ್ಯಾಹ್ನ ಫೋನು ಬಂತು. ಪರದೆಯ ತುಂಬ ಸಾವಂತ್ರವ್ವನ ಮುಖ. ಹಿಂದೆ ಶಿವಲಿಂಗಪ್ಪನ ಅರ್ಧ ಮೀಸೆ.

“ಅಕ್ಕಾರ, ನಮ್ಮ ಜ್ವಾಳದ ಗುಳಿಗಿ ಯಾಕ ಬಂದ ಮಾಡಿದ್ರಿ?”

“ಅದು ಬರೇ ಹಿಟ್ಟು ಅಂತ ಹೇಳೀನಲ್ರಿ.”

“ಹೇಳೀರಿ, ನಾ ಕೇಳೀನಿ. ಆದ್ರ ಈಕಿ ನುಂಗವಲ್ಲಳು. ಸೆರಗಿನ ತುದೀಗೆ ಕಟಗೊಂಡು ಹೋಗಿ ಎಮ್ಮಿ ನೀರಿನ ಬಾನ್ಯಾಗ ಹಾಕಾಕತ್ತಾಳ. ಇವತ್ತ ಹಿಡದೀನಿ. ಎಮ್ಮಿ ಸೊಕ್ಕಿ ನನ್ನ ಗುಮ್ಮಾಕ ಬರತೈತಿ, ಈಕಿ ನೋಡಿದ್ರ ಹಳದಿ ಎಲಿ ಆಗ್ಯಾಳ.”

“ನೀಲಾಗ ಕೊಡ್ರಿ ಫೋನು.”

ನೀಲಾ ಫೋನು ತೆಗೆದುಕೊಂಡಳು. “ಮೊದಲ ಎಲ್ಲಾರೂ ಕೂಡಿ ನುಂಗ್ತಿದ್ವಿರಿ,” ಎಂದಳು. “ಈಗ ಊಟ ಆದ ಕೂಡ್ಲೆ ಮೂರೂ ಮಂದಿ ಕೈ ಕಟಗೊಂಡು ನನ್ನ ಬಾಯಿ ನೋಡ್ತಾರ. ಅತ್ತಿ, ಮಾವ ಬರೇ ಕುಂತಾಗ ನಾ ಒಬ್ಬಾಕೀನ ಹೆಂಗ ತಿನ್ನಲ್ರಿ? ಗಂಟಲದಾಗ ಇಳ್ಯಾಂಗಿಲ್ಲ. ರೋಗಸ್ಥಳಂಗ ಅನಸ್ತೈತಿ, ಕಳ್ಳತನ ಮಾಡಿದಂಗೂ ಅನಸ್ತೈತಿ.”

ಒಂದು ಗುಳಿಗೆ ಗಂಟಲಲ್ಲಿ ಇಳಿಯಲು ಪಕ್ಕದಲ್ಲಿ ಇನ್ನೂ ಮೂರು ಗುಳಿಗೆ ಬೇಕಾಗುತ್ತವೆಂದು ಇಂದುಮತಿಯ ಯಾವ ಲೆಕ್ಕದಲ್ಲೂ ಇರಲಿಲ್ಲ.

ಸಾವಂತ್ರವ್ವ ಫೋನು ಕಸಿದುಕೊಂಡಳು. “ಕೇಳಿದ್ರ್ಯಾ? ಹಿಟ್ಟಿಂದ ಕಳಸ್ರಿ. ಗೊತ್ತಿದ್ದ ನುಂಗ್ತೀವಿ. ಆಕೀ ಕೂಡ ನುಂಗಾಕ ನಮಗ ಬೇಕು.”

“ಆತ್ರಿ, ಇವತ್ತ ಒತ್ತಸ್ತೀನಿ.”

“ಇನ್ನೊಂದ ಮಾತು.” ಅರ್ಧ ಮೀಸೆ ಈಗ ಪೂರ್ತಿ ಮೀಸೆಯಾಗಿ ಪರದೆಗೆ ಬಂತು. ಶಿವಲಿಂಗಪ್ಪ ಗಂಟಲು ಸರಿಮಾಡಿಕೊಂಡ. “ನಂದು ಒಂಚೂರು ದೊಡ್ಡದ ಇರ್ಲಿ.”

“ಯಜಮಾನ್ರ, ಅದ್ರಾಗ ಏನೂ ಇಲ್ಲ!”

“ಏನೂ ಇಲ್ಲಂತ ನನಗೂ ಗೊತ್ತೈತ್ರಿ. ಏನೂ ಇಲ್ಲದ್ದ ದೊಡ್ಡದ ಮಾಡಾಕ ನಿಮಗೇನ ತ್ರಾಸು? ಆಕೀದು ದೊಡ್ಡದಿದ್ದು ನಂದು ಸಣ್ಣದಿದ್ರ ಆಕೀನ ಮುಜುಗರ ಪಡ್ತಾಳ. ಮನ್ಯಾಗ ನೋಡಾಕ ಚಂದ ಇರಬೇಕಲ್ರಿ.”

ಇಂದುಮತಿ ಜೋರಾಗಿ ನಕ್ಕಳು. ನಕ್ಕು, ಮತ್ತೆ ಯೋಚಿಸಿದಳು. ಆ ಮಧ್ಯಾಹ್ನವೇ ಕುಳಿತು ಗಿರಣಿಯ ಬುದ್ಧಿಯನ್ನು ತಿದ್ದಿದಳು. ಇನ್ನು ಮೇಲೆ ಗುಳಿಗೆಯ ಒಳಗಿರುವುದನ್ನು ರಕ್ತ ಹೇಳುತ್ತದೆ, ಗುಳಿಗೆಯ ಗಾತ್ರವನ್ನು ಮನೆ ಹೇಳುತ್ತದೆ. ಬಣ್ಣ ಬೇರೆ ಬೇರೆ ಇರಲಿ, ಸೊಸೆಯದು ಕೆಂಪಗೆ, ಯಾರ ಕೈಗೂ ತಪ್ಪಿ ಹೋಗದಂತೆ. ಮೊದಲ ಅಳತೆಗೆ ‘ಕೊರತೆಯ ಅಳತೆ’ ಎಂದು ಹೆಸರಿತ್ತು. ಎರಡನೆಯದಕ್ಕೆ ಬಹಳ ಹೊತ್ತು ಹೆಸರು ಹೊಳೆಯದೆ, ಕೊನೆಗೆ ‘ಪಂಕ್ತಿಯ ಅಳತೆ’ ಎಂದು ಬರೆದಳು.

ಬೇರೆ ಊರುಗಳ ಓದನ್ನು ತೆಗೆದು ನೋಡಿದಾಗ ಅವಳಿಗೆ ಇನ್ನೊಂದು ಸಂಗತಿ ಕಂಡಿತು. ಹೆಂಡತಿಯದು ಇಳಿದು ಗಂಡನದು ಏರಿದ ಮನೆ, ಮಗಳದು ಇಳಿದು ಮಗನದು ಏರಿದ ಮನೆ, ಒಂದೆರಡಲ್ಲ. ಯಂತ್ರದ ಚಿಕ್ಕಪುಟ್ಟ ತಪ್ಪುಗಳೆಂದು ಅವನ್ನು ಇಷ್ಟು ದಿನ ಬದಿಗೆ ಸರಿಸುತ್ತಿದ್ದಳು. ಪಂಕ್ತಿಯ ಅಳತೆ ಆ ಊರುಗಳಿಗೂ ಹೋಯಿತು.

ನೀಲಾಳ ರಕ್ತ ಮೆಲ್ಲಗೆ ಏರಿತು. ತಾಲೂಕು ಆಸ್ಪತ್ರೆಯಲ್ಲೇ ಹೆರಿಗೆಯಾಗಿ ಹೆಣ್ಣುಮಗು ಹುಟ್ಟಿತು. ಸಾವಂತ್ರವ್ವ ಡೇರಿಗೆ ಹಾಕುವ ಹಾಲಿನಲ್ಲಿ ಒಂದು ತಂಬಿಗೆಯನ್ನು ಮನೆಗೆ ಉಳಿಸತೊಡಗಿದಳು. ಕೇಳಿದವರಿಗೆ, “ಎಮ್ಮಿ ನಮ್ಮ ಸೊಸೀ ಗುಳಿಗಿ ತಿಂದೈತಿ, ಋಣಾ ತೀರಸಾಕತ್ತೈತಿ” ಎನ್ನುತ್ತಿದ್ದಳು.

ಮಗು ಹಾಲನ್ನ ತಿನ್ನುವಷ್ಟಾದಾಗ ಇಂದುಮತಿ ಮತ್ತೆ ಎರೆಗುಂಡಿಗೆ ಬಂದಳು. ಅವಳು ಬಂದ ದಿನವೇ ಗಿರಣಿ ನೀಲಾಳ ನಾಲಿಗೆ ಓದಿ ಎಂದಿಗಿಂತ ಬೇಗ ಗರಗರ ನಿಲ್ಲಿಸಿತು. ಕಿಂಡಿಯಿಂದ ಬಿದ್ದ ಪೊಟ್ಟಣದಲ್ಲಿ ಕೆಂಪು ಗುಳಿಗೆ ಇರಲಿಲ್ಲ. ಜೋಳದ ಬಿಳಿ ಗುಳಿಗೆ ಇತ್ತು.

ಅದೇ ಚಾಪೆ, ಅದೇ ಸಾಲು. ನೀಲಾಳ ತೊಡೆಯ ಮೇಲೆ ಮಗು ರೊಟ್ಟಿಯ ಚೂರನ್ನು ಚೀಪುತ್ತಿತ್ತು. ಊಟವಾದ ಮೇಲೆ ಸಾವಂತ್ರವ್ವ ಭರಣಿ ಇಳಿಸಿದಾಗ ಇಂದುಮತಿ ಸುದ್ದಿ ಹೇಳಿದಳು: “ಇವತ್ತಿಂದ ನೀಲಾಗೂ ಬರೇ ಹಿಟ್ಟಿಂದ. ನಿಮ್ಮ ಮನ್ಯಾಗ ಯಾರಿಗೂ ಏನೂ ಕೊರತಿಲ್ಲ. ಮತ್ತ ಕಡಿಮಿ ಆದ್ರ ಗಿರಣಿ ಹೇಳತೈತಿ. ಅಲ್ಲೀತನಕ ಬೇಕಾದ್ರ ಬಿಟ್ಟುಬಿಡ್ರಿ.”

“ಬಿಡೂದ್ಯಾಕ್ರಿ?” ಸಾವಂತ್ರವ್ವನ ಕೈ ಆಗಲೇ ಭರಣಿಯೊಳಗಿತ್ತು. ಮೊದಲ ಗುಳಿಗೆಯನ್ನು ಸೊಸೆಯ ಅಂಗೈಗೆ ಹಾಕಿದಳು. ಆ ರೂಢಿ ಈಗ ಅವಳ ಕೈಗೆ ಹತ್ತಿಹೋಗಿತ್ತು. ಆಮೇಲೆ ದಪ್ಪನೆಯದು ಶಿವಲಿಂಗಪ್ಪನಿಗೆ, ಮಗನಿಗೊಂದು, ತನಗೊಂದು. “ಇಷ್ಟ ದಿವಸ ಒಬ್ಬಾಕೀದು ಬ್ಯಾರೆ, ನಮ್ಮದು ಬ್ಯಾರೆ ಇತ್ತು. ನೋಡ್ರಿ, ಈಗ ಪಂಕ್ತಿ ಸಮ ಆತು.”

ಎಲ್ಲರೂ ಗುಳಿಗೆ ಹಿಡಿದುಕೊಂಡು ಕಾದರು. ಯಾರೂ ನುಂಗಲಿಲ್ಲ. ಯಾತಕ್ಕಾಗಿ ಕಾಯುತ್ತಿದ್ದಾರೆಂದು ಇಂದುಮತಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಸಾವಂತ್ರವ್ವ ಭರಣಿಯಿಂದ ಇನ್ನೊಂದನ್ನು ತೆಗೆದು ಅವಳ ತಾಟಿನ ಬದಿಗಿಟ್ಟಳು.

ಬೇಡದ ಗುಳಿಗೆಯನ್ನು ಜನ್ಮದಲ್ಲಿ ಬಾಯಿಗೆ ಹಾಕಿದವಳಲ್ಲ ಇಂದುಮತಿ. ಅದನ್ನು ಎತ್ತಿ ನಾಲಿಗೆಯ ಮೇಲಿಟ್ಟುಕೊಂಡಳು. ಮೊದಲು ಹಿಟ್ಟು, ಆಮೇಲೆ ಎಲ್ಲೋ ಒಂದು ಚೂರು ಬೆಲ್ಲ ಕರಗಿತು.

“ಹೂಂ, ನುಂಗ್ರಿ,” ಎಂದ ಶಿವಲಿಂಗಪ್ಪ. ಸಾಲಿನುದ್ದಕ್ಕೂ ನೀರಿನ ತಂಬಿಗೆಗಳು ಒಟ್ಟಿಗೆ ಮೇಲೆದ್ದವು.